ರೊಟ್ಟಿ ಒಲೆಯ ಮುಂದೆ ದೇಶದ ಹವಾಮಾನ ನೀತಿ

ಭಾಷಣದ ಅಭ್ಯಾಸವನ್ನು ಕನ್ನಡಿಯ ಮುಂದೆ ಮಾಡಿ, ಬೇಕಾದರೆ ವಾಡಿ ಸ್ಟೇಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿಯ ಮುಂದೆ ಮಾಡಿ. ಹೆಂಡತಿಯ ಮುಂದೆ ಮಾತ್ರ ಮಾಡಬೇಡಿ. ಉಳಿದವರು ಕೇಳಿ ಮರೆಯುತ್ತಾರೆ, ಅವಳು ಕೇಳಿ ಇಟ್ಟುಕೊಳ್ಳುತ್ತಾಳೆ. ಇದನ್ನು ನಾನು ಬೆವರಿ, ಅಂಗೈ ಸುಟ್ಟುಕೊಂಡು ಕಲಿತಿದ್ದೇನೆ.

ಸೇಡಂನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಕಳೆದ ಬೇಸಿಗೆಯಲ್ಲಿ ಹಲ್ಲು ಕೀಳಿಸಲು ಒಂದು ದಿನ ರಜೆ ಹಾಕಿದ್ದೆ. ದರಿದ್ರದ ಮೀಟಿಂಗು ಅಂದೇ ನಡೆಯಬೇಕೇ? ನಮ್ಮಲ್ಲಿ ಮೀಟಿಂಗಿಗೆ ಬಾರದವನ ತಲೆಗೆ ಕೆಲಸ ಕಟ್ಟುವುದು ವಾಡಿಕೆ. ಮರುದಿನ ಊದಿದ ಕೆನ್ನೆ ಹಿಡಿದುಕೊಂಡು ಹೋಗುವಷ್ಟರಲ್ಲಿ ನಾನು ಹವಾಮಾನ ಬದಲಾವಣೆಯ ನೋಡಲ್ ಅಧಿಕಾರಿಯಾಗಿದ್ದೆ. ದೇಶದ ನೀತಿ, ಜಗತ್ತಿಗೆ ದೇಶ ಕೊಟ್ಟ ಮಾತು, ಇಂಗಾಲ ಇಳಿಸುವ ಬಗೆ, ಇಷ್ಟನ್ನೂ ಕಾರ್ಯಾಗಾರದಲ್ಲಿ ಹದಿನೈದು ನಿಮಿಷದಲ್ಲಿ ಹೇಳಬೇಕಂತೆ. "ನಿಮ್ಮ ಅಕ್ಷರ ಭಾಳ ಛಂದ ಅವ ಅಲ್ರಿ, ಅದಕ್ಕ ನಿಮ್ಮ ಹೆಸರು ಹಾಕೀವಿ" ಎಂದರು ಸಾಹೇಬರು. ಅಕ್ಷರ ದುಂಡಗಿದ್ದರೆ ಭೂಮಿ ತಣ್ಣಗಾಗುತ್ತದೆಯೇ?

ನಾಲ್ಕು ಜನರ ಎದುರು ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಹಾಗಾಗಿ ಒಂದು ವಾರ ದಿನಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಶರಣಮ್ಮನಿಗೆ ಭಾಷಣ ಒಪ್ಪಿಸಿದೆ. ನಮ್ಮ ಮನೆಯ ಛಾವಣಿಗೆ ಶಹಾಬಾದ್ ಕಲ್ಲು ಹಾಸಿದ್ದಾರೆ. ಮೇ ತಿಂಗಳಲ್ಲಿ ಅದು ಹಗಲೆಲ್ಲ ಕಾದು, ಸಂಜೆ ಆ ಝಳವನ್ನು ಒಳಗೆ ಬಿಡುತ್ತದೆ. ಮೇಲೆ ಆ ಕಲ್ಲು, ಕೆಳಗೆ ಕಾದ ಹಂಚು, ನಡುವೆ ಶರಣಮ್ಮ ಟಪಟಪ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದನ್ನೇ ಚಪ್ಪಾಳೆ ಎಂದುಕೊಂಡು ನಾನು ಇನ್ನಷ್ಟು ದನಿ ಏರಿಸುತ್ತಿದ್ದೆ.

"ದೇಶದ ಉತ್ಪಾದನೆ ಬೆಳೆದರೂ, ಅದರ ಪ್ರತಿ ರೂಪಾಯಿಗೆ ಬಿಡುವ ಇಂಗಾಲ ಇಳಿಯಲಿದೆ!"

"ಅಂದ್ರ ಹೊಗಿ ಕಡಿಮಿ ಆಗತದೋ, ಹೊಗಿ ಲೆಕ್ಕ ಕಡಿಮಿ ಆಗತದೋ?" ಎಂದಳು, ತಲೆಯೆತ್ತದೆ.

"ನಡುವ ಬಾಯಿ ಹಾಕಬ್ಯಾಡ" ಎಂದು ರೇಗಿದೆ. ನನಗೂ ಅದು ಸರಿಯಾಗಿ ಗೊತ್ತಿರಲಿಲ್ಲ.

ಕಾರ್ಯಾಗಾರ ಸಾಂಗವಾಗಿ ಮುಗಿಯಿತು. ಸಭಾಂಗಣದ ಎಸಿ ಎಷ್ಟು ಜೋರಾಗಿತ್ತೆಂದರೆ, ನನ್ನ ನಡುಕವನ್ನು ಎಲ್ಲರೂ ಚಳಿ ಎಂದುಕೊಂಡರು. 'ತಾರೀಖಿಲ್ಲದ ಮಾತು ಮಾತೇ ಅಲ್ಲ' ಎಂಬ ನನ್ನ ಕೊನೆಯ ವಾಕ್ಯಕ್ಕಂತೂ ನಿಜವಾದ ಚಪ್ಪಾಳೆಯೇ ಬಿತ್ತು.

ಅದಾದ ಮೂರನೆಯ ದಿನ ಶರಣಮ್ಮ ಕೇಳಿದಳು: "ಪಡಸಾಲಿಗೊಂದು ಎಸಿ ಹಾಕಸ್ರಿ. ರೊಟ್ಟಿ ಮುಗಿಸಿ ಬಂದು ಒಂದೀಟು ಕುಂದರತೀನಿ."

ಕೊಡಿಸುತ್ತೇನೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ನೋಡಲ್ ಅಧಿಕಾರಿ ಎದ್ದು ನಿಂತ. "ಎರಡು ಸಾವಿರದ ಎಪ್ಪತ್ತಕ್ಕ ಇಂಗಾಲ ಶೂನ್ಯ ಮಾಡ್ತೀವಿ ಅಂತ ದೇಶ ಮಾತು ಕೊಟ್ಟದ. ನನ್ನ ಮನ್ಯಾಗೇ ಎಸಿ ಅಂದ್ರ ಮಂದಿ ಏನಂದಾರು?"

ಅವಳ ಕೈ ನಿಲ್ಲಲಿಲ್ಲ. "ಮೊದಲ ಬೆಳೆದವ್ರು ಮೊದಲ ಇಳಸಬೇಕು, ಈಗ ಬೆಳಿಲಿಕತ್ತವ್ರಿಗೆ ಜಾಗಾ ಬಿಡಬೇಕು ಅಂತ ನೀವೇ ಒದರೀರಿ. ಇಪ್ಪತ್ತು ವರ್ಷ ಆಫೀಸಿನ ಎಸಿ ಕೆಳಗ ಕುಂತು ನೀವು ಬೆಳೆದೀರಿ, ಹೊಟ್ಟಿ ನೋಡ್ಕೋರಿ. ನಾ ಈಗ ಬೆಳಿಲಿಕತ್ತ ದೇಶ ಅದೀನಿ."

ಹೊಸ್ತಿಲ ಮೇಲೆ ಕುಳಿತಿದ್ದ ಪಕ್ಕದ ಮನೆಯ ಅಮೀನಾ ಬೇಗಂ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ದೇಶದ ವಾದವನ್ನು ದೇಶದ ನೌಕರನ ಮೇಲೇ ತಿರುಗಿಸುವುದೇ? ರೊಟ್ಟಿ ಬಡಿಯುವುದೇನು ಮಹಾ ಕೆಲಸ ಎಂದುಬಿಟ್ಟೆ.

"ಹಂಗಾರ ಇವತ್ತ ನೀವೇ ಮಾಡ್ರಿ" ಎಂದು ಶರಣಮ್ಮ ಎದ್ದು ಹೊರಗೆ ಹೋದಳು.

ನಾನೂ ಹಟಕ್ಕೆ ಬಿದ್ದು ಕುಳಿತೆ. ಮೊದಲನೆಯ ರೊಟ್ಟಿ ಹರಿಯಿತು. ಎರಡನೆಯದು ಕೈಗೆ ಅಂಟಿತು. ಮೂರನೆಯದನ್ನು ಹಂಚಿಗೆ ಹಾಕುವಾಗ ಅಂಗೈ ಸುಟ್ಟಿತು. ಬೆವರು ಕಣ್ಣಿಗಿಳಿದು, ಹಂಚು ಒಂದಿದ್ದದ್ದು ಎರಡಾಗಿ ಕಂಡಿತು. ಗ್ಯಾಸ್ ಆರಿಸಿ ಹೊರಗೆ ಬಂದೆ. ಶರಣಮ್ಮ ಪಡಸಾಲೆಯ ಹಳೆಯ ಕೂಲರಿನ ಮುಂದೆ ಗೋಡೆಗೆ ಒರಗಿ, ಹಣೆಗೆ ಒದ್ದೆ ಸೆರಗು ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು.

ಅಮೀನಾ ಬೇಗಂ ಈಗ ನಗುತ್ತಿರಲಿಲ್ಲ. "ಹೋದ ವಾರ ಒಲಿ ಮುಂದ ಚಕ್ಕರ್ ಬಂದು ಬಿದ್ದಿದ್ದಳ್ರಿ, ಭಾಯ್‌ಸಾಬ್. ನಿಮಗ ಹೇಳಬ್ಯಾಡ ಅಂದಳು. ಭಾಷಣ ಕೆಡತದ ಅಂತ."

ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. ಭೂಮಿ ಕಾಯುತ್ತಿದೆ ಎಂದು ಏಳು ಸಂಜೆ ಕೂಗಿದವನಿಗೆ, ಎರಡು ಮಾರು ದೂರದಲ್ಲಿ ಕಾಯುತ್ತಿದ್ದವಳು ಕಂಡಿರಲಿಲ್ಲ.

ಎಸಿ ಮರುದಿನವೇ ಬಂತು. ಆದರೆ ಅದರ ತಂಪು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲವಲ್ಲ. ಮನಸ್ಸು ಮೆತ್ತಗಾಗಿದ್ದ ಆ ಹೊತ್ತಿನಲ್ಲಿ, ಇನ್ನು ಭಾನುವಾರದ, ಅವಳ ಮಾತಿನಲ್ಲಿ ಐತಾರದ, ರೊಟ್ಟಿಗಳೆಲ್ಲ ನನ್ನವೇ ಎಂದುಬಿಟ್ಟೆ. ಯಾವ ಭಾನುವಾರದಿಂದ ಎಂದು ಹೇಳಲಿಲ್ಲ. ಹಂತಹಂತವಾಗಿ ಎಂದಷ್ಟೇ ಹೇಳಿದೆ.

ಈ ವರ್ಷವೂ ಸಾಹೇಬರು ಭಾಷಣ ನನಗೇ ಒಪ್ಪಿಸಿದ್ದಾರೆ. ಬುದ್ಧಿ ಬಂದಿದೆ ನೋಡಿ, ಈಗ ಅಭ್ಯಾಸ ಬಚ್ಚಲಮನೆಯಲ್ಲಿ, ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು. ನಿನ್ನೆ 'ನಮ್ಮ ದೇಶ ಕೊಟ್ಟ ಮಾತಿಗೆ ತಪ್ಪುವುದಿಲ್ಲ' ಎಂಬಲ್ಲಿ ಆವೇಶ ಬಂದು ದನಿ ಸ್ವಲ್ಪ ಏರಿತು.

ಕದದ ಆಚೆಯಿಂದ ಶರಣಮ್ಮ ಕೇಳಿದಳು: "ದೇಶದ್ದು ಇರಲಿ. ನಾಳಿ ಐತಾರ ಅದ. ಹಿಟ್ಟು ಯಾರು ನಾದತಾರ?"

ನಾನು ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟೆ.