ಗಂಡಸರ ನಂಬರ್ ಕೊಡಿ

ಅದೊಂದು ಸಾಧಾರಣ ಮಂಗಳವಾರ. ಮೆಂತ್ಯದ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ನಮ್ಮವರು ಹೇಳಿದರು. ಹೆಚ್ಚಾಗಿಲ್ಲ ಎಂದು ನಾನು ಹೇಳಿದೆ. ಅವರು ಡಬ್ಬಿ ತೆಗೆದುಕೊಂಡು ಕಂಪನಿಯ ಬಸ್ಸಿಗೆ ಹೋದರು. ನಾನು ತಳೇಗಾಂವದಲ್ಲಿ ಲೋಕಲ್ ರೈಲು ಹಿಡಿದು ದೇಹೂ ರೋಡಿನ ನಮ್ಮ ಶಾಲೆಗೆ ಬಂದೆ. ಐದನೆಯ ತರಗತಿಗೆ ದಶಮಾಂಶ ಹೇಳಿಕೊಡುತ್ತಿದ್ದಾಗ ಮುಖ್ಯಾಧ್ಯಾಪಕಿ ಬಾಗಿಲಲ್ಲಿ ಬಂದು ನಿಂತರು. ಬಸ್ಸು ಇಳಿಯುವಾಗ ನಮ್ಮವರು ಹೃದಯಾಘಾತವಾಗಿ ಹೋಗಿಬಿಟ್ಟರಂತೆ. ಸಂಜೆ ಯಾರೋ ಡಬ್ಬಿ ತಂದುಕೊಟ್ಟರು. ಅದನ್ನು ತೆರೆದಿರಲಿಲ್ಲ. ನಾನು ತೆರೆದು ಪಲ್ಯ ಬಾಯಿಗೆ ಹಾಕಿಕೊಂಡೆ. ಉಪ್ಪು ಹೆಚ್ಚೇ ಆಗಿತ್ತು.

ಇನ್ನು ನಗು ಬರುವಂಥದ್ದು ಈ ಜನ್ಮದಲ್ಲಿ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ನಾವಿದ್ದದ್ದು ಕಂಪನಿಯ ಕ್ವಾರ್ಟರ್ಸ್, ಅದನ್ನು ಬಿಡಬೇಕಾಯಿತು. ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು ಬಾಡಿಗೆ ಮನೆ ಹುಡುಕಲು ಹೊರಟರೆ ದಿನಕ್ಕೊಂದು ತಮಾಷೆ ತಾನಾಗಿ ಎದುರು ಬರುತ್ತದೆ, ಬೇಡವೆಂದರೂ ಬಿಡುವುದಿಲ್ಲ. ನಮ್ಮ ಅತ್ತೆ ಧಾರವಾಡದ ಮನೆಗೆ ಕೀಲಿ ಹಾಕಿ ನಮ್ಮ ಜೊತೆ ಇರಲು ಬಂದಿದ್ದರು. ಆದ್ದರಿಂದ ಹುಡುಕಲು ಹೊರಟವರು ಮೂವರು.

ರಿಯಾಯಿತಿ

ಮೊದಲು ಸಿಕ್ಕ ಏಜೆಂಟನಿಗೆ ನನ್ನ ಮೇಲೆ ನಿಜಕ್ಕೂ ಕನಿಕರವಿತ್ತು. "ಮೇಡಮ್, ಗಂಡ ಇಲ್ಲ ಅಂದರೆ ಯಾರೂ ಮನೆ ಕೊಡೋದಿಲ್ಲ. ಸಾಹೇಬರು ಫೌಜಿನಲ್ಲಿದ್ದಾರೆ, ಗಡಿಗೆ ಹೋಗಿದ್ದಾರೆ ಅಂದುಬಿಡೋಣ" ಎಂದ.

"ಬೇಡ" ಎಂದೆ.

ನಾನು ಚಪ್ಪಲಿ ಬಿಡುವಷ್ಟರಲ್ಲಿ ಆತ ಒಳಗೆ ಹೋಗಿ ಅಂದುಬಿಟ್ಟಿದ್ದ. ದೇಹೂ ರೋಡು ಸೈನ್ಯದ ಠಾಣ್ಯವಿರುವ ಊರು, ಅಲ್ಲಿ ತರಕಾರಿ ಮಾರುವವಳಿಗೂ ಫೌಜಿನ ಒಳಗು ಹೊರಗು ಗೊತ್ತು. ಮನೆಯ ಮಾಲೀಕರಂತೂ ನಿವೃತ್ತ ಸುಬೇದಾರರು. "ಯಾವ ರೆಜಿಮೆಂಟು?" ಎಂದು ಕೇಳಿದರು. ಏಜೆಂಟ ನನ್ನ ಮುಖ ನೋಡಿದ.

"ಅವರು ತೀರಿಕೊಂಡಿದ್ದಾರೆ" ಎಂದೆ.

ಸುಬೇದಾರರು ಎದ್ದು ನೆಟ್ಟಗೆ ನಿಂತರು. "ವೀರಪತ್ನಿ! ಈ ಮನೆ ನಿಮ್ಮದೇ ಅಂತ ತಿಳಿಯಿರಿ. ಬಾಡಿಗೆ ಅರ್ಧ ಕೊಟ್ಟರೆ ಸಾಕು." ಅವರ ಹೆಂಡತಿ ಕಣ್ಣು ಒರೆಸಿಕೊಳ್ಳುತ್ತ ಬಿಸಿ ಶಿರಾ ತಂದಿಟ್ಟರು. ನಾನು ಒಂದು ಚಮಚೆ ಬಾಯಿಗಿಟ್ಟುಕೊಂಡೆ. ಸುಳ್ಳಿನ ಶಿರಾ ಗಂಟಲಲ್ಲಿ ಇಳಿಯಲಿಲ್ಲ. ನಮ್ಮವರು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ಹೃದಯ ನಿಂತಿತು ಎಂದು ಹೇಳಿದೆ.

ಸುಬೇದಾರರು ಮೆಲ್ಲಗೆ ಕೂತರು. "ಅಂದರೆ, ಗಡಿಯಲ್ಲಿ ಅಲ್ಲ?"

"ಅಲ್ಲ. ಬಸ್ ಸ್ಟಾಪಿನಲ್ಲಿ."

ಸ್ವಲ್ಪ ಹೊತ್ತಿನ ಮೇಲೆ, ಆ ಮನೆಯನ್ನು ಅಣ್ಣನ ಮಗನಿಗೆ ಕೊಡುತ್ತೇನೆಂದು ಮಾತು ಕೊಟ್ಟದ್ದು ಅವರಿಗೆ ನೆನಪಾಯಿತು. ಬಸ್ ಸ್ಟಾಪಿನಲ್ಲಿ ಸತ್ತವರ ಹೆಂಡತಿಗೆ ರಿಯಾಯಿತಿ ಇರಲಿಲ್ಲ. ಶಿರಾ ಮಾತ್ರ ಪೂರ್ತಿ ತಿನ್ನಿಸಿ ಕಳಿಸಿದರು.

ನಿಯಮ

ಎರಡನೆಯ ಮನೆಯ ಮಾಲಕಿ ನಿಪ್ಪಾಣಿ ಕಡೆಯವರು, ಈ ಮರಾಠಿ ಊರಿನಲ್ಲೂ ಕನ್ನಡ ಬಲ್ಲವರು. ನನಗೆ ಧೈರ್ಯ ಬಂತು. ಅವರು ನಮ್ಮನ್ನು ಕೂರಿಸಿ, "ನಮ್ದು ಒಂದ ನಿಯಮ ಅದ. ನೀವು ಹೆಣ್ಮಕ್ಕಳಷ್ಟ ಇರೋರು. ಮನ್ಯಾಗ ಗಂಡಸ್ರು ಕಾಲ ಇಡಬಾರ್ದು. ಯಾರೂ. ನಾಲ್ಕು ಮಂದಿ ನೋಡ್ತಾರ" ಎಂದರು.

"ನನ್ನ ತಮ್ಮ ಬಂದರೆ?" ಎಂದು ಕೇಳಿದೆ.

"ಕೆಳಗ ನಿಂತು ಮಾತಾಡ್ಲಿ."

"ಗ್ಯಾಸ್ ಸಿಲಿಂಡರ್ ತರೋನು?"

"ಬಾಗ್ಲಾಗ ಇಟ್ಟು ಹೋಗ್ಲಿ."

ಅತ್ತೆ ಇದನ್ನೆಲ್ಲ ಕೇಳುತ್ತ ಅಡುಗೆಮನೆ ನೋಡಿ ಬಂದರು. "ನಳ ಸೋರ್ತೈತಲ್ರಿ ಬಾಯಾರ. ಅದನ್ನ ಯಾರು ಮಾಡಸ್ತಾರ?"

"ಅದಕ್ಕೇನ್ರಿ, ನಮ್ಮ ಯಜಮಾನ್ರನ್ನ ಕಳಸ್ತೀನಿ. ಅವರ ಮಾಡ್ತಾರ. ಯಾವಾಗ ಬೇಕಾದ್ರೂ ಹೇಳ್ರಿ, ಬರ್ತಾರ."

ಅತ್ತೆ ಒಂದು ಕ್ಷಣ ಯೋಚಿಸಿದರು. ನಂತರ ಬಹಳ ವಿನಯದಿಂದ ಕೇಳಿದರು: "ಅವರು ಗಂಡಸ್ರಲ್ಲೇನ್ರಿ?"

ಆ ಮನೆಯೂ ಸಿಗಲಿಲ್ಲ.

ಹನ್ನೊಂದು ತಿಂಗಳು

ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಸೊಸೈಟಿಯ ಮೂರನೆಯ ಮಹಡಿಯ ಫ್ಲ್ಯಾಟು. ಒಡತಿ ಮಗರಪಟ್ಟಾದಲ್ಲಿ ಐ.ಟಿ. ಕೆಲಸ ಮಾಡುವ ಬೆಂಗಳೂರಿನ ಹುಡುಗಿ. "ನಂಗೇನೂ ಪ್ರಾಬ್ಲಮ್ ಇಲ್ಲ ಮೇಡಮ್. ಸೊಸೈಟಿಯವ್ರು ಕಂಪ್ಲೇಂಟ್ ಮಾಡ್ಬಾರ್ದು, ಅಷ್ಟೇ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡೋಣ. ಕಂಪ್ಲೇಂಟ್ ಬಂದ್ರೆ ರಿನ್ಯೂ ಮಾಡಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡಿ" ಎಂದಳು. ಮಗಳು ಮೆಟ್ಟಿಲು ಇಳಿಯುವಾಗ ಕೇಳಿದ್ದು ಒಂದೇ ಮಾತು: "ಅಮ್ಮ, ಇದನ್ನೂ ಬಿಡಬೇಕಾಗ್ತದೇನು?" ಸಾಮಾನು ಬಿಚ್ಚಿದಾಗ ಅವಳು ಗೋಡೆಗೆ ಏನನ್ನೂ ಹಾಕಲಿಲ್ಲ.

ಆ ಮನೆಗೆ ಹೋದ ಮೊದಲ ವಾರದಲ್ಲೇ ಪೇಚಿಗೆ ಸಿಕ್ಕೆವು. ಮಗಳ ತಲೆಗೆ ಸೀಗೇಕಾಯಿ ಹಚ್ಚಿದ ಹೊತ್ತಿಗೆ ಸರಿಯಾಗಿ ನೀರು ನಿಂತಿತು. ನಾನೂ ಅತ್ತೆಯೂ ಕೆಳಗಿಳಿದು ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದರೆ, "ನಿನ್ನೆಯೇ ಗ್ರೂಪಿನಲ್ಲಿ ಹಾಕಿದ್ದೆವಲ್ಲ" ಎಂದರು.

ಸೊಸೈಟಿಗೆ ಎರಡು ವಾಟ್ಸಾಪ್ ಗ್ರೂಪುಗಳು. ಗಂಡಸರದ್ದರಲ್ಲಿ ನೀರು, ಲಿಫ್ಟು, ಪಾರ್ಕಿಂಗು. ಹೆಂಗಸರದ್ದರಲ್ಲಿ ಭಿಶಿಯ ಚೀಟಿ, ಹಳದಿ-ಕುಂಕುಮ, ಉಪವಾಸದ ತಿಂಡಿ. ನಾನು ಎರಡನೆಯದರಲ್ಲಿದ್ದೆ.

"ನನ್ನನ್ನು ಮೊದಲನೆಯದಕ್ಕೆ ಸೇರಿಸಿ" ಎಂದೆ.

ಸೆಕ್ರೆಟರಿ ನಾಚಿಕೊಂಡರು. "ಹಾಗೆ ಮಾಡಿದರೆ ಗಂಡಸರಿಗೆ ಮುಜುಗರ ಅನ್ನಿಸುತ್ತದೆ, ಟೀಚರ್. ನಿಮ್ಮ ಮನೆಯ ಯಾರಾದರೂ ಗಂಡಸರ ನಂಬರ್ ಕೊಡಿ."

ನಾನು ಏನು ಹೇಳುವುದೆಂದು ಯೋಚಿಸುತ್ತಿದ್ದಾಗ ಅತ್ತೆ ತಮ್ಮದೇ ನಂಬರ್ ಹೇಳಿಬಿಟ್ಟರು. ಸೆಕ್ರೆಟರಿ ಒತ್ತಿದರು. ಪರದೆಯ ಮೇಲೆ ಒಂದು ಸಣ್ಣ ದುಂಡು ಫೋಟೊ ಬಂತು: ತಲೆಗೆ ಪಟಕಾ, ಮುಖದ ತುಂಬ ಮೀಸೆ. ಅದು ನಮ್ಮ ಮಾವನವರದು. ಅತ್ತೆಯ ಫೋನಿನಲ್ಲಿ ಆ ಫೋಟೊ ಹಾಕಿಕೊಟ್ಟವಳು ನನ್ನ ಮಗಳು.

"ಹಾಂ, ಮನೆಯಲ್ಲಿ ಅಜ್ಜ, ಆಜೋಬಾ ಇದ್ದಾರಲ್ಲ! ಮೊದಲೇ ಹೇಳಬಾರದೆ?" ಎಂದು ಸೆಕ್ರೆಟರಿ ಹಗುರಾದರು.

"ಸರ್, ಅವರು..." ಎಂದೆ. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಅವರು ಮಾತಾಡುತ್ತ ಹೊರಟೇಹೋದರು.

ಮಾವನವರು ತೀರಿಕೊಂಡಾಗ ನಮ್ಮವರಿಗೆ ಆರು ವರ್ಷ. ಅತ್ತೆ ಕಡಕ್ ರೊಟ್ಟಿ ಬಡಿದು ಮಾರಿ ಒಬ್ಬರೇ ಮಗನನ್ನು ಬೆಳೆಸಿದರು. ಅಷ್ಟು ವರ್ಷ ಯಾವ ಉಪಯೋಗಕ್ಕೂ ಬಾರದ ಮೀಸೆ ಅವತ್ತು ಒಂದೇ ನಿಮಿಷದಲ್ಲಿ ನಮಗೆ ನೀರಿನ ಸುದ್ದಿ ತರಿಸಿಕೊಟ್ಟಿತು.

ಮೀಸೆಯ ಮಾತು

ಟ್ಯಾಂಕರು ಮಧ್ಯಾಹ್ನ ಬರುತ್ತಿತ್ತು. ಆಗ ಕೆಲಸಕ್ಕೆ ಹೋದವರ ಮನೆಗಳಿಗೆ ಕೀಲಿ. ಸಂಜೆ ಬಂದು ನೋಡಿದರೆ ತೊಟ್ಟಿ ಖಾಲಿ. ಬೆಳಿಗ್ಗೆ ತರಿಸಿ ಎಂದು ಮೆಟ್ಟಿಲಲ್ಲಿ ಸಿಕ್ಕಾಗ ಸೆಕ್ರೆಟರಿಗೆ ಹೇಳಿದೆ. "ನೋಡೋಣ" ಎಂದರು. ಮತ್ತೊಮ್ಮೆ ಹೇಳಿದೆ. ಮತ್ತೆ "ನೋಡೋಣ" ಎಂದರು.

ಒಂದು ರಾತ್ರಿ ಅತ್ತೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಬರಿಯವಾ. ಟ್ಯಾಂಕರ್ ಮುಂಜಾನೆ ಏಳಕ್ಕ ಬರಬೇಕು. ಮಧ್ಯಾಹ್ನ ಯಾರ ಸಲುವಾಗಿ ತರಸ್ತೀರಿ, ಕಾಗಿ ಸಲುವಾಗೇನು?" ಮಗಳು ಅದನ್ನು ಶುದ್ಧ ಮರಾಠಿಯಲ್ಲಿ ಬರೆದಳು. ಕಾಗೆಯನ್ನೂ ಬಿಡಲಿಲ್ಲ.

ಕೂಡಲೇ ಉತ್ತರಗಳ ಸಾಲು ಬಂತು. "ಆಜೋಬಾ ಹೇಳಿದ್ದು ಬರೋಬರ್." "ಹಿರಿಯರ ಅನುಭವವೇ ಬೇರೆ." ಮರುದಿನ ಏಳಕ್ಕೆ ಟ್ಯಾಂಕರು ಬಂತು. ಆಮೇಲೆ ಲಿಫ್ಟಿಗೂ ಪಾರ್ಕಿಂಗಿನ ಗೆರೆಗೂ ಆಜೋಬಾ ಮಾತೇ ನಡೆಯಿತು.

ಮಾತು ಒಂದೇ. ನಾನು ಹೇಳಿದಾಗ ಅದಕ್ಕೆ ಮೀಸೆ ಇರಲಿಲ್ಲ.

ಒಂದು ವಿಚಾರ ಸಂಕಿರಣ

ನಮ್ಮ ಶಾಲೆಯ ಸಭಾಂಗಣದಲ್ಲಿ ಜಗತ್ತಿನ ಒಂಟಿ ತಾಯಂದಿರ ಹಕ್ಕುಗಳ ಬಗ್ಗೆ ಒಂದು ಉಪನ್ಯಾಸ ಇಟ್ಟಿದ್ದರು. ಸಂಜೆ ಐದಕ್ಕೆ. ಅತ್ತೆ ಯಾರದೋ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದರಿಂದ ಮಗಳನ್ನೂ ಕರೆದುಕೊಂಡು ಹೋದೆ. ಮುಖ್ಯ ಅತಿಥಿಗಳು ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಶುರುವಾದಾಗ ಕತ್ತಲಾಗಿತ್ತು. ಮುಂದಿನ ಸಾಲಿನಲ್ಲಿ ಟ್ರಸ್ಟಿಗಳು, ಹಿಂದೆ ಅವರ ಸ್ನೇಹಿತರು. ನನಗೆ ಗೊತ್ತಿದ್ದ ಒಂಟಿ ತಾಯಂದಿರೆಲ್ಲ ಆ ಹೊತ್ತಿಗೆ ತಮ್ಮ ತಮ್ಮ ಮನೆಯಲ್ಲಿ ಕುಕ್ಕರ್ ಇಡುತ್ತಿದ್ದರು.

ಉಪನ್ಯಾಸವೇನೋ ಚೆನ್ನಾಗಿತ್ತು, ಅದನ್ನು ಹೇಳಬೇಕು. ಕೆಲವು ದೇಶಗಳಲ್ಲಿ ತಾಯಿ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಸರಕಾರದ್ದೇ. ಇನ್ನು ಕೆಲವೆಡೆ ಮಗುವಿನ ಕಾಗದಪತ್ರಕ್ಕೆ ತಾಯಿಯ ಸಹಿಯೊಂದೇ ಸಾಕಾಗುವುದಿಲ್ಲ. ಬಾಡಿಗೆ ಮನೆಯ ಕಷ್ಟ ಮಾತ್ರ ಎಲ್ಲೆಡೆಯೂ ಇದೆಯಂತೆ. ಎಲ್ಲೋ ಸಮುದ್ರದಾಚೆ ಒಬ್ಬಳು ನನ್ನ ಹಾಗೆಯೇ ಯಾರದೋ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ ಎಂದು ತಿಳಿದು ನನಗೆ ದುಃಖವೂ ಆಯಿತು, ಜೊತೆ ಸಿಕ್ಕಂತೆಯೂ ಆಯಿತು.

"ಇಲ್ಲಿ ಒಂಟಿ ತಾಯಂದಿರು ಯಾರಿದ್ದೀರಿ?" ಎಂದು ಅತಿಥಿ ಕೇಳಿದರು. ನಾನೊಬ್ಬಳೇ ಕೈ ಎತ್ತಿದೆ. ಸಭೆಯೆಲ್ಲ ಹಿಂತಿರುಗಿ ನೋಡಿತು.

"ಹೇಳಿ. ನಿಮಗೆ ತಕ್ಷಣ ಬೇಕಾದದ್ದು ಏನು?"

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಅಭ್ಯಾಸ. "ಈ ಕಾರ್ಯಕ್ರಮ ಮುಗಿಯಬೇಕು. ನನ್ನ ಮಗಳಿಗೆ ಹಸಿವಾಗಿದೆ" ಎಂದೆ.

ಅವರು ಗಂಭೀರವಾಗಿ ತಲೆಯಾಡಿಸಿ, ಬೋರ್ಡಿನ ಮೇಲೆ "ಪೌಷ್ಟಿಕ ಆಹಾರ" ಎಂದು ಬರೆದರು.

ಝೆಂಡಾವಂದನ

ಜನವರಿಯಲ್ಲಿ ಗಂಡಸರ ಗ್ರೂಪಿನಲ್ಲಿ ಚೇರ್ಮನ್ನರ ಸಂದೇಶ ಬಂತು. ಈ ಸಲದ ಗಣರಾಜ್ಯೋತ್ಸವದ ಧ್ವಜಾರೋಹಣ ಸೊಸೈಟಿಯ ಹಿರಿಯರಾದ, ಮೂರನೆಯ ಮಹಡಿಯ ಆಜೋಬಾ ಅವರ ಹಸ್ತದಿಂದ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು.

ಬಾಡಿಗೆ ಕರಾರು ಮುಗಿಯುವುದು ಫೆಬ್ರವರಿಯಲ್ಲಿ. ನಾನು ಚಪ್ಪಲಿ ಮೆಟ್ಟಿಕೊಂಡೆ.

"ಅತ್ತೀ, ಈಗಲೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬರ್ತೀನಿ" ಎಂದೆ.

"ಯಾಕ? ಕರದದ್ದು ನನ್ನ ನಂಬರಿಗೆ. ನಾ ಹೋಗ್ತೀನಿ."

ಮಗಳು ಸಣ್ಣ ದನಿಯಲ್ಲಿ ಕೇಳಿದಳು: "ಅಜ್ಜಿ, ಅವ್ರು ಮನಿ ಬಿಡ್ರಿ ಅಂದ್ರ?"

"ಅಂದ್ರ ಬಿಡೂದವಾ. ಝೆಂಡಾ ಏರ್ಸಿ ಬಿಡೂದು."

ಇಪ್ಪತ್ತಾರರ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು ಕೆಳಗಿಳಿದರು. ಹಿಂದೆ ನಾನು, ನನ್ನ ಹಿಂದೆ ಮಗಳು. ಕಂಬದ ಸುತ್ತ ರಂಗೋಲಿ. ಮಕ್ಕಳು ಯೂನಿಫಾರ್ಮಿನಲ್ಲಿ ನಿಂತಿದ್ದರು. ಆಜೋಬಾ ತಲೆಗೆ ಕಟ್ಟಲೆಂದು ಫೇಟಾ ಕಟ್ಟುವವನನ್ನೂ ಕರೆಸಿದ್ದರು. ಅವನು ಕೇಸರಿ ಬಟ್ಟೆ ಹಿಡಿದು ಕಾಯುತ್ತಿದ್ದ.

"ಬನ್ನಿ ಆಜಿ. ಆಜೋಬಾ ಎಲ್ಲಿ?" ಎಂದರು ಚೇರ್ಮನ್ನರು.

ಅತ್ತೆ ಫೋನು ತೆಗೆದು ಫೋಟೊ ತೋರಿಸಿದರು. ತಮ್ಮ ಧಾರವಾಡದ ಮರಾಠಿಯಲ್ಲಿ, "ಇವರು ಹೋಗಿ ನಲವತ್ತು ವರ್ಷದ ಮೇಲಾಯಿತು" ಎಂದರು.

ಚೇರ್ಮನ್ನರು ಬಗ್ಗಿ ಫೋಟೊ ನೋಡಿದರು, ಸೆಕ್ರೆಟರಿಯನ್ನು ನೋಡಿದರು. ಕೊನೆಗೆ ಕೇಳಿದರು: "ಹಾಗಾದರೆ ಆ ಟ್ಯಾಂಕರು? ಲಿಫ್ಟು? ಪಾರ್ಕಿಂಗಿನ ಗೆರೆ?"

"ಹೇಳಿದ್ದು ನಾನು. ಬರೆದದ್ದು ಈಕೆ" ಎಂದು ಅತ್ತೆ ಮೊಮ್ಮಗಳನ್ನು ಮುಂದೆ ನಿಲ್ಲಿಸಿದರು.

ಸೆಕ್ರೆಟರಿಗೆ ತಡೆಯಲಾಗಲಿಲ್ಲ. "ಆದರೆ ಆಜಿ, ಅದು ಗಂಡಸರ ಗ್ರೂಪು!"

"ನೀರು ಗಂಡಸರ ಮನೆಗಷ್ಟೇ ಬರ್ತದೇನಪ್ಪಾ?"

ಮೇಲೆ ಬಾಲ್ಕನಿಯಲ್ಲಿ ಯಾರೋ ಹೆಂಗಸು ನಕ್ಕರು. ಚೇರ್ಮನ್ನರು ತಲೆಯೆತ್ತಿ ನೋಡಿದರು. ನಕ್ಕವರು ಅವರ ಹೆಂಡತಿಯೇ. ಆಗ ಫೇಟಾದವನು ಗಡಿಬಿಡಿಯಿಂದ, "ಸಾಹೇಬ್, ಯಾರ ತಲೆಗೆ ಕಟ್ಟಲಿ ಬೇಗ ಹೇಳಿ. ನನಗೆ ಇನ್ನೂ ಎರಡು ಸೊಸೈಟಿ ಇವೆ" ಎಂದ.

ಚೇರ್ಮನ್ನರು ಗಡಿಯಾರ ನೋಡಿದರು, ಕಂಬ ನೋಡಿದರು, ಅತ್ತೆಯನ್ನು ನೋಡಿದರು. "ಕಟ್ಟು" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ತಲೆ ಬಗ್ಗಿಸಿದರು. "ಬಿಗಿ ಕಟ್ಟಪಾ, ಜಾರಬಾರ್ದು." ಅವನಿಗೆ ಕನ್ನಡ ಬಾರದಿದ್ದರೂ ಬಿಗಿಯಾಗಿಯೇ ಕಟ್ಟಿದ.

ಹಗ್ಗ ಎಳೆದರೆ ಮೇಲಿನ ಗಂಟು ಬಿಚ್ಚಲಿಲ್ಲ. ಸಹಾಯಕ್ಕೆಂದು ಚೇರ್ಮನ್ನರು ಕಂಬದ ಬುಡಕ್ಕೆ ಬಂದರು. "ಸರೀರಿ ಸಾಹೇಬ್ರ, ಬಾವಿ ನೀರು ಸೇದಿದ ಕೈ ಇದು" ಎಂದು ಅತ್ತೆ ಒಮ್ಮೆ ಜಗ್ಗಿದರು. ಧ್ವಜ ಬಿಚ್ಚಿಕೊಂಡಿತು. ಒಳಗಿದ್ದ ಚೆಂಡುಹೂವಿನ ಎಸಳುಗಳೆಲ್ಲ ಚೇರ್ಮನ್ನರ ತಲೆಯ ಮೇಲೆ ಬಿದ್ದವು. ರಾಷ್ಟ್ರಗೀತೆ ಶುರುವಾಗಿದ್ದರಿಂದ ಅವರು ಅಲುಗಾಡುವಂತಿರಲಿಲ್ಲ. ಪೂರ್ತಿ ಮುಗಿಯುವವರೆಗೆ ಅರ್ಚನೆಯಾದ ದೇವರ ಹಾಗೆ ನಿಂತಿದ್ದರು. ಆಮೇಲೆ ಎಲ್ಲರೂ ಜಿಲೇಬಿ ತಿಂದರು. ಕರಾರಿನ ಮಾತು ಯಾರೂ ಎತ್ತಲಿಲ್ಲ.

ಫೆಬ್ರವರಿಯ ಮೊದಲ ವಾರ ಒಡತಿಯ ಫೋನು ಬಂತು. "ಮೇಡಮ್, ಸೊಸೈಟಿ ಚೇರ್ಮನ್ ಕಾಲ್ ಮಾಡಿದ್ರು."

"ಕಂಪ್ಲೇಂಟಾ?" ಎಂದೆ.

"ಗೊತ್ತಾಗ್ತಿಲ್ಲ ಮೇಡಮ್. ತುಂಬಾ ಟೆನ್ಷನ್‌ನಲ್ಲಿದ್ರು. ನೀವು ಮನೆ ಖಾಲಿ ಮಾಡಿದ್ರೆ ಟ್ಯಾಂಕರ್ ಯಾರು ನೋಡ್ಕೋತಾರೆ ಅಂತ ಕೇಳ್ತಿದ್ರು. ಏನದು ಟ್ಯಾಂಕರ್? ಅದಿರ್ಲಿ, ಇನ್ನೊಂದು ಹನ್ನೊಂದು ತಿಂಗಳಿಗೆ ಮಾಡ್ಬಿಡ್ಲಾ?"

ಆ ಭಾನುವಾರ ಮಗಳು ತನ್ನ ಅಭ್ಯಾಸದ ಮೇಜಿನ ಮೇಲಿನ ಖಾಲಿ ಗೋಡೆಗೆ ಮೊದಲ ಮೊಳೆ ಹೊಡೆದಳು.