ನಮ್ಮ ಕಾರಿನ ಸುಸ್ತು

“ಮೊದಲು ಓದಿ, ಆಮೇಲೆ ಮುಟ್ಟಿ” ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುವವನು ನಾನು. ಕಳಸದ ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪು, ಔಷಧಿ ಹೊಡೆಯುವ ಸ್ಪ್ರೇಯರು, ಕಳೆ ಕೊಚ್ಚುವ ಮೆಷಿನ್ನು ಮಾರುವ ಅಂಗಡಿ ನನ್ನದು. ಹೊಸ ಮೆಷಿನ್ನು ಒಯ್ದವರು ನಾಲ್ಕನೆಯ ದಿನ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು “ಇದು ಯಾಕೋ ಸ್ಟಾರ್ಟೇ ಆಗಲ್ಲ ಮಾರಾಯ್ರೆ” ಎಂದರೆ, ಪ್ಲಾಸ್ಟಿಕ್ ಕವರು ಕೂಡ ಹರಿಯದ ಅವರ ಕೈಪಿಡಿಯನ್ನು ಎತ್ತಿ ಹಿಡಿದು, “ಇದನ್ನ ಪೂಜೆಗೆ ಇಡ್ಲಿಕ್ಕೆ ಕೊಟ್ಟಿದ್ದಾ?” ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಗದರುತ್ತೇನೆ. ಈಗ ಒಂದು ಗುಟ್ಟು ಹೇಳಿಬಿಡುತ್ತೇನೆ. ಮೂವತ್ತು ವರ್ಷಗಳ ವ್ಯಾಪಾರದಲ್ಲಿ ನಾನು ಒಂದೇ ಒಂದು ಕೈಪಿಡಿಯನ್ನೂ ಓದಿದವನಲ್ಲ. ಮೆಷಿನ್ನಿನ ಮೈ ಮುಟ್ಟಿದರೆ ಅದರ ಸ್ವಭಾವ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಮನೆಗೆ ಹೊಸ ಕಾರು ಬರುವವರೆಗೆ ಆ ನಂಬಿಕೆಯಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ.

ಕಾರು ಬಂದದ್ದು ಮೊಮ್ಮಗಳಿಗಾಗಿ. ಮಗಳು ವಿದ್ಯಾ ಚಿಕ್ಕಮಗಳೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳ ಮಗಳು ಪುಟ್ಟಿಗೆ ಎರಡು ವರ್ಷ. ಆ ಎರಡು ವರ್ಷದಲ್ಲಿ ಪುಟ್ಟಿ ಬಸ್ಸಿನಲ್ಲಿ ಕಳಸಕ್ಕೆ ಬಂದಿದ್ದಾಳೆ, ಅಳಿಯನ ಗೆಳೆಯನ ಕಾರಿನಲ್ಲಿ ಬಂದಿದ್ದಾಳೆ, ತಾತನ ಜೀಪಿನಲ್ಲಿ ಮಾತ್ರ ಒಮ್ಮೆಯೂ ಬಂದಿಲ್ಲ. ಕಾರಣ, ಅವಳು ಹುಟ್ಟುವ ಮೊದಲು ಸಂಸೆಯ ಹತ್ತಿರ ಒಂದು ಮಧ್ಯಾಹ್ನ ನನ್ನ ಜೀಪು ರಸ್ತೆ ಬಿಟ್ಟು ಪಕ್ಕದ ಮಣ್ಣಿನ ಧರೆ ಹತ್ತಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಕಡವೆ ಅಡ್ಡ ಬಂತು ಎಂದು ನಾನು ಹೇಳಿದೆ. ಅದೇ ಸಂಜೆ ಕಾಡುಹಂದಿ ಎಂದೆನಂತೆ, ಮಾರನೆಯ ದಿನ ನಾಯಿ ಎಂದೆನಂತೆ. ನನ್ನ ಹೆಂಡತಿ ಶಶಿಕಲಾ ಇದನ್ನೆಲ್ಲ ನೆನಪಿಟ್ಟುಕೊಂಡಿದ್ದಾಳೆ. ಪುಟ್ಟಿ ಹುಟ್ಟಿದಾಗಿನಿಂದ ಮಗಳದ್ದು ಒಂದೇ ಮಾತು. “ಊಟ ಆದ್ಮೇಲೆ ನೀವು ಸ್ಟೇರಿಂಗ್ ಹಿಡ್ಕಂಡೇ ತೂಕಡಿಸ್ತೀರಿ ಅಪ್ಪ. ಬೆಲ್ಟು, ಏರ್‌ಬ್ಯಾಗು ಎಲ್ಲ ಇರೋ ಕಾರು ತಗಳ್ಳಿ, ನಾಲ್ಕು ತಿಂಗಳು ಸರಿಯಾಗಿ ಓಡ್ಸಿ. ಆಮೇಲೆ ಮಗೂನ ಕೂರ್ಸೋ ವಿಚಾರ ನೋಡಾಣ.” ನನಗೇ ಪರೀಕ್ಷೆಯಾ ಎಂದು ಗೊಣಗಿದೆ. ಆದರೂ ಪುಟ್ಟಿಯನ್ನು ನನ್ನ ಗಾಡಿಯಲ್ಲಿ ಕೂರಿಸಿಕೊಂಡು ಕಳಸದ ಪೇಟೆಯಲ್ಲಿ ಒಂದು ಸುತ್ತು ಹೊಡೆಯಬೇಕೆಂಬ ಆಸೆ ದೊಡ್ಡದಾಗಿತ್ತು. ಜೀಪು ಮಾರಿದೆ, ಕಾರು ತಂದೆ, ನಾಲ್ಕು ತಿಂಗಳ ಪರೀಕ್ಷೆಗೆ ಕೂತೆ.

ಮೊದಲು ಗೊಂದಲ ಹುಟ್ಟಿಸಿದ್ದು ಸೀಟು. ಜೀಪಿನ ಸೀಟಿಗೆ ಇದ್ದ ವ್ಯವಸ್ಥೆ ಒಂದೇ, ಕೂರುವುದು. ಇದರಲ್ಲಿ ಪಕ್ಕದ ಗುಂಡಿ ಒತ್ತಿದರೆ ಸೀಟು ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ ಹೋಗುತ್ತದೆ. ಇನ್ನೊಂದು ಒತ್ತಿದರೆ ಬೆನ್ನು ಮಲಗುತ್ತದೆ. ಎಂಜಿನ್ ಆಫ್ ಮಾಡಿದರೆ ಇಳಿಯಲು ಅನುಕೂಲವಾಗಲಿ ಎಂದು ತಾನೇ ಹಿಂದೆ ಸರಿಯುತ್ತದೆ. ಇದು ತಿಳಿಯದೆ ಮೊದಲ ದಿನ ಸೀಟು ಮುರಿಯಿತೆಂದು ನಾನು ಬಾಗಿಲು ಹಿಡಿದುಕೊಂಡು ಕೂಗಿದ್ದೆ. ಇದಲ್ಲದೆ ಸೀಟಿಗೆ ನೆನಪಿನ ಶಕ್ತಿಯೂ ಇದೆ. ಒಂದು, ಎರಡು ಎಂದು ಎರಡು ಗುಂಡಿ. ಯಾರು ಎಷ್ಟು ದೂರ, ಎಷ್ಟು ಎತ್ತರ ಕೂರುತ್ತಾರೆಂದು ಅದು ನೆನಪಿಡುತ್ತದಂತೆ. ನಾನು ಗುಂಡಿಗಳನ್ನು ದಿಟ್ಟಿಸಿ ನೋಡುತ್ತಿರುವಷ್ಟರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಲೈಸೆನ್ಸು ಪಡೆದು ಹೊರನಾಡಿನ ಅಕ್ಕನ ಮನೆಗೆ ತಾನೇ ಓಡಿಸಿಕೊಂಡು ಹೋಗಿಬರುವ ಶಶಿಕಲಾ ಬಂದು ಕೂತು ತನ್ನ ಅಳತೆಯನ್ನು ಒಂದಕ್ಕೆ ಹಾಕಿಕೊಂಡಳು. ಹೀಗಾಗಿ ನನ್ನ ಹೆಸರಿನಲ್ಲಿರುವ ಕಾರಿನಲ್ಲಿ ನಾನು ಎರಡನೆಯವನು. ಮರೆತು ಒಂದನ್ನು ಒತ್ತಿದರೆ ಸೀಟು ಗುಂಯ್ ಎನ್ನುತ್ತಾ ಮುಂದೆ ಹೋಗಿ ನನ್ನ ಹೊಟ್ಟೆಯನ್ನು ಸ್ಟೇರಿಂಗಿಗೆ ಆನಿಸಿ ನಿಲ್ಲಿಸುತ್ತದೆ. ಸೀಟಿನ ಎದುರಿನ ಡಬ್ಬಿಯಲ್ಲಿ ಕನ್ನಡಕ ಇಡಲು ಜಾಗ ಬೇಕೆಂದು ಕಾರಿನ ದಪ್ಪ ಕೈಪಿಡಿಯನ್ನೂ ಅವಳು ಮೊದಲ ವಾರವೇ ಮನೆಯೊಳಗೆ ಒಯ್ದಿಟ್ಟಳು. ನಾನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಸೀಟಾಯಿತು ಎಂದರೆ ಗೇರು. ಕ್ಲಚ್ಚು ಇಲ್ಲದ ಆಟೋಮ್ಯಾಟಿಕ್ ಗಾಡಿಯಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಆದರೆ ಮೂವತ್ತು ವರ್ಷ ದುಡಿದ ಕಾಲು ಸುಮ್ಮನೆ ಕೂರುತ್ತದೆಯೇ? ಕಳಸದ ಬಸ್‌ಸ್ಟ್ಯಾಂಡಿನೆದುರು ಅಭ್ಯಾಸಬಲದಿಂದ ಕ್ಲಚ್ಚು ಎಂದು ಜೋರಾಗಿ ಒತ್ತಿತು. ಅಲ್ಲಿದ್ದದ್ದು ಬ್ರೇಕು. ಕಾರು ಗಕ್ಕನೆ ನಿಂತಿತು. ಶಶಿಕಲಾಳ ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಪು ಮುಂದಿನ ಗಾಜಿಗೆ ಹೋಗಿ ಬಡಿಯಿತು. “ಎಡಗಾಲು ಮಡಚಿ ಹಿಂದಿಡಿ, ಇಲ್ಲಾಂದ್ರೆ ಹಗ್ಗ ತಂದು ಕಟ್ತೀನಿ” ಎಂದಳು. ಇಳಿಜಾರು ಬಂದರೆ ನ್ಯೂಟ್ರಲ್ಲಿಗೆ ಹಾಕಿ ಗಾಡಿಯನ್ನು ತೇಲಿಬಿಡುವುದು ನಮ್ಮ ಕಡೆಯ ಹಳೆಯ ಚಾಳಿ. ಇದರಲ್ಲೂ ಒಮ್ಮೆ ತೇಲಿಬಿಟ್ಟೆ. ಎಂಜಿನ್ನಿನ ಹಿಡಿತ ತಪ್ಪಿ ತಿರುವಿನಲ್ಲಿ ಕಾರು ನನ್ನನ್ನು ಕೇಳದೆಯೇ ಓಡಿತು. ಅದೇ ಕೊನೆ, ಘಾಟಿ ಇಳಿಯುವಾಗ ಮತ್ತೆ ನ್ಯೂಟ್ರಲ್ ಮುಟ್ಟಿಲ್ಲ.

ನಿಲ್ಲಿಸುವಾಗ ಗೇರನ್ನು ಪಿ ಎಂಬಲ್ಲಿಟ್ಟು, ಹ್ಯಾಂಡ್‌ಬ್ರೇಕಿನ ಬದಲು ಒಂದು ಸಣ್ಣ ಗುಂಡಿ ಎಳೆದರೆ ಸಾಕು, ಎಂಥ ಇಳಿಜಾರಿನಲ್ಲೂ ಕಾರು ಅಲುಗುವುದಿಲ್ಲ ಎಂದು ಷೋರೂಮಿನಲ್ಲಿ ಹೇಳಿದ್ದರು. ಬೆರಳಲ್ಲಿ ಎಳೆಯುವ ಗುಂಡಿಯನ್ನು ನಂಬಿ ಕಾರನ್ನು ಇಳಿಜಾರಿನಲ್ಲಿ ಬಿಟ್ಟು ಹೋಗುವ ಧೈರ್ಯ ನನಗಿಲ್ಲ. ಈ ಗುಡ್ಡಗಳ ಮೇಲೆ ಬೆಳೆದವರೆಲ್ಲ ಗಾಡಿ ನಿಲ್ಲಿಸಿದ ಕೂಡಲೇ ಮಾಡುವ ಕೆಲಸ ಚಕ್ರಕ್ಕೆ ಕಲ್ಲು ಕೊಡುವುದು. ಜೀಪಿನ ಕಾಲದಿಂದ ನನ್ನ ಬಳಿ ಒಂದು ಕಲ್ಲಿದೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಇಳಿಜಾರು, ಟೈರು ಉಜ್ಜಿ ಉಜ್ಜಿ ನುಣುಪಾಗಿದೆ. ಜೀಪು ಕೊಂಡವನಿಗೆ ಜಾಕು, ಸ್ಪ್ಯಾನರು ಎಲ್ಲ ಕೊಟ್ಟೆ, ಈ ಕಲ್ಲು ಮಾತ್ರ ಕೊಡಲಿಲ್ಲ. ಅದನ್ನು ಹೊಸ ಕಾರಿನ ಡಿಕ್ಕಿಯಲ್ಲಿ ಹಳೇ ಸೀರೆಯ ತುಂಡು ಹಾಸಿ ಇಟ್ಟಿದ್ದೇನೆ. “ಲಕ್ಷಗಟ್ಟಲೆ ಕೊಟ್ಟು ತಂದ ಕಾರನ್ನ ನಿಲ್ಸೋಕೆ ಹೊಳೆ ಕಲ್ಲು ಬೇಕಾ?” ಎಂದು ಶಶಿಕಲಾ ನಗುತ್ತಾಳೆ. ನಗಲಿ. ಒಮ್ಮೆ ಕಲ್ಲು ತೆಗೆಯದೆ ರಿವರ್ಸ್ ಹಾಕಿದಾಗ ಕಾರು ಕೊಂಯ್ ಎಂದು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯಿತು, ಅದು ಬೇರೆ ವಿಷಯ.

ಈ ಬೊಬ್ಬೆಗಳಲ್ಲಿ ಹಲವು ವಿಧ. ಬಾಗಿಲು ಸರಿಯಾಗಿ ಹಾಕದಿದ್ದರೆ ಒಂದು ರಾಗ, ಬೆಲ್ಟು ಹಾಕದಿದ್ದರೆ ಇನ್ನೊಂದು. ಪಕ್ಕದ ಸೀಟಿನಲ್ಲಿ ಪಂಪ್‌ಸೆಟ್ಟು ಇಟ್ಟುಕೊಂಡು ಹೋದಾಗ ಅದಕ್ಕೂ ಬೆಲ್ಟು ಹಾಕುವ ತನಕ ಬಿಡಲಿಲ್ಲ. ಇವನ್ನೆಲ್ಲ ನಾನು ಹೇಗೋ ಅರ್ಥಮಾಡಿಕೊಂಡೆ. ಅರ್ಥವಾಗದೆ ಉಳಿದದ್ದು ಒಂದು ಕಾಫಿ ಕಪ್ಪು. ಒಂದು ಮಧ್ಯಾಹ್ನ ಶಶಿಕಲಾಳ ಜೊತೆ ಚಿಕ್ಕಮಗಳೂರಿನಿಂದ ಬರುವಾಗ ಮೂಡಿಗೆರೆ ಹತ್ತಿರವಾಗುತ್ತಿದ್ದಂತೆ ಟೊಂಯ್ ಎಂದು ಮೆತ್ತಗೆ ಸದ್ದಾಗಿ, ಸ್ಟೇರಿಂಗಿನ ಹಿಂದಿನ ಪರದೆಯ ಮೇಲೆ ಹಬೆಯಾಡುವ ಕಾಫಿ ಕಪ್ಪಿನ ಚಿತ್ರ ಮೂಡಿತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಸ್ವಲ್ಪ ವಿಶ್ರಾಂತಿ ಪಡೆಯಬಹುದಲ್ಲ ಎಂಬ ಅರ್ಥದ್ದು. ಯಾರು ಪಡೆಯಬೇಕು ಎಂದು ಬರೆದಿರಲಿಲ್ಲ.

ನನಗೆ ಅನುಮಾನವೇ ಬರಲಿಲ್ಲ. ಘಾಟಿಯಲ್ಲಿ ವಿಶ್ರಾಂತಿ ಬೇಕಾಗುವುದು ಗಾಡಿಗೆ. ಜೀಪಿನ ಕಾಲದಲ್ಲಿ ಏರು ಹತ್ತಿದ ಮೇಲೆ ಬಾನೆಟ್ ಎತ್ತಿ ನಿಲ್ಲಿಸಿ, ರೇಡಿಯೇಟರು ತಣ್ಣಗಾಗುವವರೆಗೆ ಕಾಯುತ್ತಿದ್ದೆವು. ಜೀಪಿಗೆ ಬಾಯಿ ಇರಲಿಲ್ಲ, ಇದಕ್ಕೆ ಇದೆ, ಅಷ್ಟೇ ವ್ಯತ್ಯಾಸ. ಪಾಪ, ಕೇಳುತ್ತಿದೆ ಎಂದು ರಸ್ತೆ ಪಕ್ಕದ ಹೋಟೆಲಿನೆದುರು ನಿಲ್ಲಿಸಿದೆ, ಕಲ್ಲು ಕೊಟ್ಟೆ, ಬಾನೆಟ್ ಎತ್ತಿದೆ. ಕಾರಿಗೆ ಗಾಳಿಯಾಡುವವರೆಗೆ ನಾವಿಬ್ಬರೂ ಕಾಫಿ ಕುಡಿದೆವು. ಇಪ್ಪತ್ತು ನಿಮಿಷದ ಮೇಲೆ ಹೊರಟರೆ ಕಪ್ಪು ಮಾಯ! ನನ್ನ ರೋಗನಿರ್ಣಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆದರೂ ಹೊಸ ಕಾರು ಇಷ್ಟು ಬೇಗ ಸುಸ್ತಾಗಬಾರದಲ್ಲ ಎಂದು ಗ್ಯಾರೇಜಿನ ಸೀನಣ್ಣನಿಗೆ ತೋರಿಸಿದೆ. ಜೀಪುಗಳಿಗೆ ಮರುಜನ್ಮ ಕೊಡುವವನು ಅವನು. ಎಲ್ಲ ಕೇಳಿ, “ಹಬೆ ಏಳ್ತದೆ ಅಂದ್ರಲ್ಲ, ಹಂಗಾರೆ ಎಂಜಿನ್ ಬಿಸಿ ಆಗಿರ್ಬೇಕು ಮಾರಾಯ್ರೆ” ಎಂದು ನೀರು ನೋಡಿದ, ಆಯಿಲ್ ನೋಡಿದ. ಎಲ್ಲ ಸರಿಯಿತ್ತು. “ಇದೆಂಥದೋ ಹೊಸ ನಮೂನಿ. ಕೇಳಿದಾಗ ನಿಲ್ಸಿಬಿಡಿ, ಯಾಕೆ ಸುಮ್ನೆ” ಎಂದ.

ನಾನು ಅಕ್ಷರಶಃ ಪಾಲಿಸಿದೆ. ನಾಲ್ಕು ತಿಂಗಳಲ್ಲಿ ಕಾರಿನ ಆರೋಗ್ಯದ ಬಗ್ಗೆ ಹಲವು ಸಂಗತಿ ಕಂಡುಹಿಡಿದೆ. ಬೆಳಿಗ್ಗೆ ಅದಕ್ಕೆ ಸುಸ್ತಾಗುವುದಿಲ್ಲ, ಮಧ್ಯಾಹ್ನವೇ ಆಗುವುದು. ಬಿಸಿಲಿಗಿರಬೇಕು ಎಂದುಕೊಂಡೆ, ಮೋಡ ಮುಸುಕಿದ ದಿನವೂ ಆಯಿತು. ಮಗಳ ಮನೆಯಲ್ಲಿ ಹೋಳಿಗೆ ಊಟವಿದ್ದ ದಿನವಂತೂ ಮೂಡಿಗೆರೆಗೆ ಮೊದಲೇ ಒಮ್ಮೆ, ಕೊಟ್ಟಿಗೆಹಾರದಲ್ಲಿ ಇನ್ನೊಮ್ಮೆ ಕೇಳಿತು. ಹೋಳಿಗೆಗೂ ಎಂಜಿನ್ನಿಗೂ ಏನು ಸಂಬಂಧ ಎಂದು ನಾನು ಬಹಳ ಯೋಚಿಸಿದೆ, ಬಗೆಹರಿಯಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ದಾರಿಯಲ್ಲಿ ನಿಲ್ಲಿಸಿ ಹೆಂಡತಿಗೆ ಕಾಫಿ ಕೊಡಿಸಿದವನಲ್ಲ ನಾನು. ಮನೆಯಲ್ಲೇ ಒಳ್ಳೆ ಪುಡಿ ಇದೆಯಲ್ಲ, ನಡಿ ಎನ್ನುತ್ತಿದ್ದವನು. ಈಗ ಕಪ್ಪು ಮೂಡಿದ ಕೂಡಲೇ ಶಶಿಕಲಾಳೇ, “ಪಾಪ, ಕಾರಿಗೆ ಸುಸ್ತಾಯ್ತು ಕಾಣ್ಸುತ್ತೆ, ನಿಲ್ಸಿ” ಎನ್ನುತ್ತಿದ್ದಳು. ಅವಳಿಗೂ ಯಂತ್ರಗಳ ಮೇಲೆ ಕರುಣೆ ಬಂತಲ್ಲ ಎಂದು ನನಗೆ ಸಂತೋಷವಾಗಿತ್ತು.

ನಾಲ್ಕು ತಿಂಗಳು ಮುಗಿಯಿತು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಗಳು ಒಪ್ಪಿದಳು. ಹಿಂದಿನ ಸೀಟಿಗೆ ಮಗುವಿನ ಕುರ್ಚಿ ಬಿಗಿದು, ಪುಟ್ಟಿಯನ್ನು ಅದರಲ್ಲಿ ಕೂರಿಸಿ, ಪಕ್ಕದಲ್ಲಿ ತಾನು ಕೂತಳು. ಶಶಿಕಲಾ ನನ್ನ ಪಕ್ಕ. ಚಿಕ್ಕಮಗಳೂರಿನಲ್ಲಿ ಊಟ ಮುಗಿಸಿ ಕಳಸಕ್ಕೆ ಹೊರಟೆವು. ಕನ್ನಡಿಯಲ್ಲಿ ಪುಟ್ಟಿಯ ಮುಖ ಕಾಣುತ್ತಿತ್ತು. ನನಗಿಂತ ಸುಖಿ ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಮೂಡಿಗೆರೆ ಸಮೀಪಿಸಿತು. ಟೊಂಯ್.

“ನೋಡು ಪುಟ್ಟಿ, ಕಾರಿಗೆ ಸುಸ್ತಾಗಿದೆ. ಅದು ಕಾಫಿ ಕೇಳ್ತಾ ಇದೆ” ಎಂದೆ.

ಹಿಂದಿನಿಂದ ಮಗಳು ಕತ್ತು ಚಾಚಿ ನೋಡಿದಳು. “ಅಪ್ಪಾ, ಇದು ಎಷ್ಟು ದಿನದಿಂದ ಬರ್ತಿದೆ?”

“ಮೊದಲಿನಿಂದ್ಲೂ. ಘಾಟಿ ಹತ್ತಬೇಕಲ್ಲ, ಎಂಜಿನ್ನಿಗೆ...”

“ಎಂಜಿನ್ನಿಗಲ್ಲ ಅಪ್ಪ! ಓಡ್ಸೋರಿಗೆ ನಿದ್ದೆ ಬರ್ತಿದೆ ಅಂತ ಕಾರು ಹೇಳೋದು ಅದು. ಸ್ಟೇರಿಂಗ್ ಅತ್ತಿತ್ತ ಆಗೋದನ್ನ ನೋಡಿ ಅದಕ್ಕೆ ಗೊತ್ತಾಗುತ್ತೆ. ನಿಲ್ಸಿ ಮೊದ್ಲು.”

ಹೋಟೆಲಿನೆದುರು ನಿಲ್ಲಿಸಿದೆ. ಸುಸ್ತಾದದ್ದು ನನಗೆ. ನಾಲ್ಕು ತಿಂಗಳಿಂದ ನಾನು ನನ್ನ ತೂಕಡಿಕೆಗಾಗಿ ಬಾನೆಟ್ ಎತ್ತಿ ಗಾಳಿ ಹಾಕುತ್ತಿದ್ದೆ. ಕನ್ನಡಿಯಲ್ಲಿ ಪುಟ್ಟಿ ನಗುತ್ತಿದ್ದಳು. ನಾಚಿಕೆಗಿಂತ ಮೊದಲು ನನಗೆ ಭಯವಾಯಿತು. ಅಂದು ಸಂಸೆಯಲ್ಲಿ ಯಾವ ಪ್ರಾಣಿಯೂ ಅಡ್ಡ ಬಂದಿರಲಿಲ್ಲ ಎಂಬುದನ್ನು ಇಲ್ಲಿ ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ. ಶಶಿಕಲಾ ಮಾತ್ರ ಏನೂ ಆಗದವಳಂತೆ ಬೆಲ್ಟು ಬಿಚ್ಚುತ್ತಿದ್ದಳು. ಅವಳಿಗೆ ಆಶ್ಚರ್ಯವೇ ಆಗಿಲ್ಲವಲ್ಲ ಎಂದು ಆಗ ಹೊಳೆಯಿತು.

“ನಿಂಗೆ ಗೊತ್ತಿತ್ತಾ?”

“ಬುಕ್ಕಲ್ಲಿ ಚಿತ್ರ ಸಮೇತ ಬರ್ದಿದೆ. ಮೊದಲ ವಾರವೇ ಓದಿದೀನಿ.”

“ಮತ್ತೆ ಬಾಯಿಬಿಟ್ಟು ಹೇಳ್ಬಾರ್ದಾ?”

“ನಿದ್ದೆ ಬಂದಿದೆ ನಿಲ್ಸಿ ಅಂದ್ರೆ ನೀವು ಯಾವತ್ತಾದ್ರೂ ನಿಲ್ಸಿದೀರಾ? ನಂಗೆಲ್ಲಿ ನಿದ್ದೆ ಅಂತ ಇನ್ನೂ ಜೋರಾಗಿ ಓಡಿಸ್ತೀರಿ. ಕಾರಿಗೆ ಸುಸ್ತು ಅಂದ್ರೆ ಮಾತ್ರ ನಿಲ್ಲಿಸ್ತೀರಿ.”

ಗಂಡಸಿನ ಜಂಬ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕಾಫಿ ಕುಡಿಯುತ್ತಾ ಹೊಸ ವಾದ ಹೂಡಿದೆ. ಈ ಕಾರು ಮಾಡಿದವರು ಬಯಲುಸೀಮೆಯವರು, ನಮ್ಮ ತಿರುವುಗಳನ್ನು ಅದು ತೂಕಡಿಕೆ ಎಂದು ತಿಳಿಯುತ್ತದೆ. ಯಾರು ಓಡಿಸಿದರೂ ಕಪ್ಪು ಬಂದೇ ಬರುತ್ತದೆ. “ಹಾಗಾದ್ರೆ ಅಮ್ಮ ಓಡಿಸ್ಲಿ, ನೋಡಾಣ” ಎಂದು ಮಗಳು ಕೈಚಾಚಿದಳು. ಕೀ ಕೊಟ್ಟೆ. ಶಶಿಕಲಾ ಕೂತು ಒಂದನ್ನು ಒತ್ತಿದಳು; ಸೀಟು ಗುಂಯ್ ಎಂದು ಅವಳನ್ನು ಮುಂದಕ್ಕೆ ಒಯ್ದಿತು. ನಾನು ಪಕ್ಕದ ಸೀಟಿನಿಂದ ಪರದೆಯ ಕಡೆ ವಾಲಿ, ರೆಪ್ಪೆ ಬಡಿಯದೆ ನೋಡುತ್ತ ಕೂತೆ. ಕೊಟ್ಟಿಗೆಹಾರ ಬರಲಿ, ತಿರುವುಗಳು ಶುರುವಾಗಲಿ, ಕಪ್ಪು ಮೂಡಿದ ಕೂಡಲೇ ಎಲ್ಲರಿಗೂ ತೋರಿಸುತ್ತೇನೆ ಎಂದುಕೊಂಡೆ.

“ರೀ, ಮನೆ ಬಂತು. ಇಳೀರಿ.”

ಕಣ್ಣು ಬಿಟ್ಟರೆ ಎದುರಿಗೆ ನಮ್ಮ ಗೇಟು. ನನ್ನ ಸೀಟಿನ ಬೆನ್ನನ್ನು ಯಾರೋ ಗುಂಡಿ ಒತ್ತಿ ಹದವಾಗಿ ಹಿಂದಕ್ಕೆ ಒರಗಿಸಿದ್ದರು. ಹಿಂದೆ ಪುಟ್ಟಿ, “ತಾತ ಗೊರ್ರ್” ಎಂದು ನನ್ನ ಗೊರಕೆಯನ್ನು ಅಣಕಿಸಿ ಚಪ್ಪಾಳೆ ತಟ್ಟುತ್ತಿದ್ದಳು.

“ಕಪ್ಪು ಬಂತಾ?” ಎಂದು ಕೇಳಿದೆ.

“ನೋಡೇ ನೋಡ್ತೀನಿ ಅಂತ ಕೂತವ್ರು ನೀವು. ನೀವೇ ಹೇಳ್ಬೇಕಪ್ಪ” ಎಂದಳು ಶಶಿಕಲಾ. ಮಗಳನ್ನು ಕೇಳಿದರೆ ಅವಳೂ ನಕ್ಕಳೇ ಹೊರತು ಬಾಯಿಬಿಡಲಿಲ್ಲ.

ನಾನು ಇಳಿದು ಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಕಾರಿಗೆ ಸಂಬಂಧಪಟ್ಟ ಹಾಗೆ ಈಗ ನನಗೆ ಉಳಿದಿರುವ ಜವಾಬ್ದಾರಿ ಅದೊಂದೇ, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದೇನೆ. ಪುಟ್ಟಿ ತಿಂಗಳಿಗೊಮ್ಮೆ ತಾತನ ಕಾರಿನಲ್ಲಿ ಬರುತ್ತಾಳೆ, ಪೇಟೆಯಲ್ಲಿ ಸುತ್ತೂ ಹೊಡೆಯುತ್ತಾಳೆ, ಅಜ್ಜಿ ಓಡಿಸುತ್ತಾಳೆ. ಅವಳ ಕೈಗೆ ಹೋದ ಮೇಲೆ ನಮ್ಮ ಕಾರಿಗೆ ಸುಸ್ತಾದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಮೂಡಿಗೆರೆ ದಾಟಿದ ಮೇಲೆ ನನಗೆ ಏನೂ ಕಾಣಿಸುವುದಿಲ್ಲ.