ಡೇಲಿಲಿ ಜ್ವರ

ಡ್ರಾಯಿಂಗ್ ಮೇಷ್ಟ್ರ ಅಂಗಳದಲ್ಲಿ ಆ ಬೆಳಿಗ್ಗೆ ಡೇಲಿಲಿ ಅರಳಿತು. ಮೇಷ್ಟ್ರು ಹಲ್ಲುಜ್ಜುವುದನ್ನೂ ಮರೆತು ಫೋನಿಗೆ ಓಡಿದರು.

ಅದು ಅಂಥಿಂಥ ಡೇಲಿಲಿಯಲ್ಲ. ಎರಡು ಗಿಡಗಳ ಪರಾಗ ಬೆರೆಸಿ, ಬೀಜ ಬಿತ್ತಿ, ವರ್ಷಗಟ್ಟಲೆ ಕಾದು ಮೇಷ್ಟ್ರು ತಾವೇ ಹುಟ್ಟಿಸಿದ ತಳಿ. ನೇರಳೆ ಹಣ್ಣಿನ ಬಣ್ಣ, ಅಂಚಿಗೆ ಬಂಗಾರದ ಜರಿ. ಬಿಟ್ಟದ್ದು ಒಂದೇ ಮೊಗ್ಗು. ಡೇಲಿಲಿಯ ಆಯಸ್ಸೂ ಒಂದೇ ದಿನ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಪುಷ್ಪ ಸಂಘಕ್ಕೆ ಫೋನ್ ಮಾಡಿದರೆ ಕಾರ್ಯದರ್ಶಿ, "ಮಧ್ಯಾಹ್ನ ಪರೀಕ್ಷಕರನ್ನ ಕಳಿಸ್ತೀವಿ" ಎಂದರು. ಅವರು ಮೆಚ್ಚಿದರೆ ಹೊಸ ತಳಿಗೆ ಹೆಂಡತಿಯ ಹೆಸರಿಡುವುದೆಂದು ಮೇಷ್ಟ್ರು ಮಾತು ಕೊಟ್ಟಾಗಿತ್ತು.

ಹೂ ಕಾಯಲು ರಜೆ ಕೇಳಿದರೆ ಹೆಡ್‌ಮಾಸ್ಟ್ರು ಹುರಿದು ಮುಕ್ಕುತ್ತಾರೆ. ಅದಕ್ಕೇ ಮೇಷ್ಟ್ರು ಫೋನಿನಲ್ಲಿ, "ಜ್ವರ ಸಾರ್..." ಎಂದು ನರಳಿದರು.

ಬಿಸಿಲೇರಿತು. ಕಡುಬಣ್ಣದ ಎಸಳು ಬಾಡೀತೆಂದು ಮೇಷ್ಟ್ರು ಕೊಡೆ ಹಿಡಿದು ನಿಂತು, "ಸ್ವಲ್ಪ ತಡ್ಕೋ ಮಗಳೇ" ಎಂದು ಹೂವನ್ನು ಬೇಡಿಕೊಂಡರು. ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನರ್ಸಮ್ಮನ ತಲೆ ಮೂಡಿತು. ಆಸ್ಪತ್ರೆಯಿಂದ ನಿವೃತ್ತರಾದರೂ ರೋಗಿಗಳನ್ನು ಬಿಟ್ಟವರಲ್ಲ ಆಕೆ.

"ಯಾಕ್ ಮೇಷ್ಟ್ರೇ, ಸ್ಕೂಲಿಲ್ವಾ?"

"ಜ್ವರ ಅಮ್ಮಾ."

"ಜ್ವರ ಬಂದೋರು ಗಿಡಕ್ಕೆ ಕೊಡೆ ಹಿಡೀತಾರಾ?"

ಅಷ್ಟರಲ್ಲಿ ಬಾಗಿಲಿಂದ ಹೆಂಡತಿ ಕೂಗಿದಳು: "ರೀ, ಹೆಡ್‌ಮಾಸ್ಟ್ರು ಬರ್ತಿದಾರೆ!"

"ಬಟ್ಟೆ ಬುಟ್ಟಿ ತಂದು ಹೂವಿನ ಮೇಲೆ ಬೋರಲು ಹಾಕೇ!" ಎನ್ನುತ್ತ ಮೇಷ್ಟ್ರು ಬೆಕ್ಕು ಕಂಡ ಇಲಿಯಂತೆ ಒಳಗೋಡಿ ಎರಡು ಕಂಬಳಿ ಹೊದ್ದರು.

ಹೆಡ್‌ಮಾಸ್ಟ್ರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. ಒಮ್ಮೆ ಕಿಟಕಿ ನೋಡಿದರು, ಒಮ್ಮೆ ವಾಚು ನೋಡಿದರು. ಏಳುವ ಸೂಚನೆಯೇ ಇಲ್ಲ. ಕಂಬಳಿಯೊಳಗೆ ಮೇಷ್ಟ್ರು ಬೆವರಿ ನೀರಾದರು. ಈಗ ಪರೀಕ್ಷಕರು ಬಂದು 'ಹೂವೆಲ್ಲಿ?' ಎಂದರೆ ಕೆಲಸಕ್ಕೇ ಕುತ್ತು.

"ಅಂಟುಜ್ವರ ಸಾರ್. ನೀವು ಹೊರಡಿ."

"ಇರಲಿ ಮೇಷ್ಟ್ರೇ. ನಾನು ಬಂದದ್ದು ಏನಂದ್ರೆ..."

ಮಾತು ಮುಗಿಯುವ ಮೊದಲೇ ನರ್ಸಮ್ಮ ಥರ್ಮಾಮೀಟರ್ ಹಿಡಿದು ನುಗ್ಗಿದರು. "ಅವರನ್ನ ಮಾತಾಡಿಸ್ಬೇಡಿ ಸಾರ್! ಜ್ವರ ತಲೆಗೇರಿದೆ. ಬೆಳಿಗ್ಗೆಯಿಂದ ಗಿಡಕ್ಕೆ ಮಗಳೇ ಮಗಳೇ ಅಂತಿದ್ರು!"

ಮೇಷ್ಟ್ರು ಅದನ್ನೇ ಹಿಡಿದುಕೊಂಡು ಸೂರು ನೋಡುತ್ತ, "ಮಗಳೇ..." ಎಂದು ಕನವರಿಸಿದರು. ಹೆಡ್‌ಮಾಸ್ಟ್ರ ಮುಖ ಮೆತ್ತಗಾಯಿತು. ಹೊರಗೆ ಹೋಗಿ ಅಂಗಳದ ಸುತ್ತ ಕಣ್ಣಾಡಿಸಿ, ನರ್ಸಮ್ಮನ ಹತ್ತಿರ ಏನೋ ಪಿಸುಗುಟ್ಟಿ ನಡೆದರು.

ಮೇಷ್ಟ್ರು ಚಂಗನೆ ಹಾರಿ ಬುಟ್ಟಿ ತೆಗೆದರು. ಹೂವು ರಾಣಿಯ ಹಾಗೆ ನಿಂತಿತ್ತು. ಕಾದರು. ನೆರಳು ಉದ್ದವಾಯಿತು, ಎಸಳು ಸುರುಳಿಗಟ್ಟಿತು. ಗೇಟು ಮಾತ್ರ ಸದ್ದು ಮಾಡಲಿಲ್ಲ. ತಡೆಯಲಾರದೆ ಕಾರ್ಯದರ್ಶಿಗೆ ಫೋನ್ ಹಚ್ಚಿದರು.

"ಪರೀಕ್ಷಕರು ಬರ್ಲೇ ಇಲ್ಲವಲ್ಲ ಸಾರ್!"

"ಬರದೆ ಏನ್ರೀ! ನಿಮ್ಮ ಮಂಚದ ಪಕ್ಕದಲ್ಲೇ ಕೂತಿದ್ರಂತೆ. ನಮ್ಮ ಹೊಸ ಪರೀಕ್ಷಕರು ನಿಮ್ಮ ಹೆಡ್‌ಮಾಸ್ಟ್ರೇ! ಅಂಗಳದಲ್ಲಿ ಹೂವೇ ಇಲ್ಲ, ಪಾಪ, ಜ್ವರದ ಕನವರಿಕೇಲಿ ಫೋನ್ ಮಾಡಿರ್ಬೇಕು ಅಂದ್ರು."

ಮೇಷ್ಟ್ರ ಕೈಯಿಂದ ಫೋನ್ ಜಾರಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ನರ್ಸಮ್ಮ ಕೈಯಲ್ಲಿ ಸಿರಿಂಜು ಹಿಡಿದು ಗೇಟು ದಾಟಿಯಾಗಿತ್ತು.

"ಹಾಸಿಗೆಯಿಂದ ಏಳೋಕೆ ಬಿಡ್ಬೇಡಿ, ಒಂದು ವಾರ ರಜೆ ಕೊಟ್ಟಿದ್ದೀನಿ ಅಂತ ಹೆಡ್‌ಮಾಸ್ಟ್ರು ನಿಮ್ಮನ್ನ ನನಗೆ ಒಪ್ಪಿಸಿ ಹೋಗಿದಾರೆ. ನಡೀರಿ ಒಳಗೆ, ಮಗ್ಗುಲಾಗಿ ಮಲಗಿ!"